ಬರೆಯದೇ ಸಿಗುವ ‘ರೈಟಿಂಗ್’ ಅಂಕ: ಅಮೆರಿಕದ ಕಾಲೇಜುಗಳು ಅದನ್ನು ಎಷ್ಟು ನೋಡುತ್ತವೆ?

ಇವತ್ತಿನ ಸಂಚಿಕೆ ಮುಖ್ಯವಾಗಿ ಹನ್ನೊಂದು, ಹನ್ನೆರಡನೇ ಕ್ಲಾಸಿನಲ್ಲಿ ಇರೋರಿಗೆ. ಅದರಲ್ಲೂ ಡಿಗ್ರಿಗೆ ಅಮೆರಿಕಕ್ಕೆ ಹೋಗಬೇಕು ಅಂತ ಎಸ್‌ಎಟಿ ಪರೀಕ್ಷೆಗೆ ಕೂತಿರೋರಿಗೆ. ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ಕೇಳಿದರೆ ಇನ್ನೂ ಒಳ್ಳೇದು, ಯಾಕಂದ್ರೆ ಫೀಸು ಕಟ್ಟೋರು ಅವರೇ.

ನಾನು ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಹೈಸ್ಕೂಲ್ ಮತ್ತು ಪಿಯು ಮಕ್ಕಳಿಗೆ ಇಂಗ್ಲಿಷ್ ಬರವಣಿಗೆ ಹೇಳಿಕೊಡ್ತಾ ಇದ್ದೀನಿ. ಆಗಸ್ಟ್ ಬಂತು ಅಂದ್ರೆ ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಶುರು. ‘ರೀಡಿಂಗ್ ಅಂಡ್ ರೈಟಿಂಗ್‌ನಲ್ಲಿ 730 ಬಂದಿದೆ, ಇನ್ನೊಂದು ಸಲ ಬರೀಲಾ?’ ‘740 ಇದ್ರೆ ಸಾಕಾ, 770 ಬೇಕಾ?’ ಒಬ್ಬ ಹುಡುಗನಂತೂ ‘ರೈಟಿಂಗ್ ಸ್ಕೋರ್ ಕಮ್ಮಿ ಇದ್ರೆ ನನ್ನ ಎಸ್ಸೇ ಓದೋದೇ ಇಲ್ವಂತೆ, ನಿಜಾನಾ?’ ಅಂತ ರಾತ್ರಿ ಹನ್ನೆರಡು ಗಂಟೆಗೆ ಕೇಳಿದ.

ಉತ್ತರ ಮೊದಲೇ ಹೇಳಿಬಿಡ್ತೀನಿ, ಆಮೇಲೆ ಕಾರಣ ನೋಡೋಣ. ಆ ಅಂಕ ಒಂದು ಹೊಸಿಲು. ಹೊಸಿಲು ದಾಟದಿದ್ರೆ ಕಷ್ಟ, ನಿಜ. ದಾಟಿದ ಮೇಲೆ ಎಷ್ಟು ಎತ್ತರಕ್ಕೆ ಹಾರಿ ದಾಟಿದ್ರಿ ಅಂತ ಹೆಚ್ಚು ಯಾರೂ ಅಳೆಯೋದಿಲ್ಲ. ನಿಮಗೆ ಬರೆಯೋಕೆ ಬರುತ್ತಾ ಅನ್ನೋದನ್ನ ಆ ಕಾಲೇಜುಗಳು ಬೇರೆ ಕಡೆ ಹುಡುಕ್ತವೆ. ಯಾಕೆ ಅಂದ್ರೆ, ಪರೀಕ್ಷೆ ಕೊಡುವ ‘ರೈಟಿಂಗ್’ ಅಂಕವನ್ನ ಅವು ಪೂರ್ತಿಯಾಗಿ ಯಾವತ್ತೂ ನಂಬಲೇ ಇಲ್ಲ. ಇದಕ್ಕೊಂದು ಒಳ್ಳೆ ಕಥೆ ಇದೆ.

2001ರ ಫೆಬ್ರವರಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರಿಚರ್ಡ್ ಆಟ್‌ಕಿನ್‌ಸನ್ ಒಂದು ಭಾಷಣದಲ್ಲಿ, ನಮ್ಮ ಪ್ರವೇಶಕ್ಕೆ ಎಸ್‌ಎಟಿಯನ್ನೇ ಕೈಬಿಡೋಣ ಅಂದ್ರು. ಮಕ್ಕಳು ಶಾಲೆಯಲ್ಲಿ ನಿಜವಾಗಿ ಕಲಿತದ್ದನ್ನ ಅಳೆಯುವ ಪರೀಕ್ಷೆ ಬೇಕು ಅನ್ನೋದು ಅವರ ವಾದ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಎಲ್ಲಾ ಸೇರಿದ ದೊಡ್ಡ ಗಿರಾಕಿ ಅದು. ಅಂಥ ಗಿರಾಕಿ ಅಂಗಡಿ ಬಿಟ್ಟು ಹೋಗ್ತೀನಿ ಅಂದ್ರೆ ಅಂಗಡಿಯವರು ಸುಮ್ಮನೆ ಕೂರ್ತಾರಾ? ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ಎಸ್‌ಎಟಿಯನ್ನೇ ಬದಲಾಯಿಸಿತು. 2005ರ ಮಾರ್ಚಿನಲ್ಲಿ ಹೊಸ ಪರೀಕ್ಷೆ ಬಂತು. 1600 ಇದ್ದದ್ದು 2400 ಆಯ್ತು. ಸೇರಿದ 800 ಪೂರ್ತಿ ರೈಟಿಂಗ್‌ಗೆ. ಅದರಲ್ಲಿ ಒಂದಷ್ಟು ವ್ಯಾಕರಣದ ಬಹು ಆಯ್ಕೆ ಪ್ರಶ್ನೆಗಳು, ಜೊತೆಗೆ 25 ನಿಮಿಷದಲ್ಲಿ ಕೈಯಲ್ಲಿ ಬರೆಯಬೇಕಾದ ಒಂದು ಪ್ರಬಂಧ. ಇಬ್ಬರು ಓದುತ್ತಿದ್ದರು, ಒಬ್ಬೊಬ್ಬರು ಒಂದರಿಂದ ಆರರವರೆಗೆ ಅಂಕ ಹಾಕ್ತಿದ್ರು.

ಎರಡೇ ತಿಂಗಳು. ಮೇ ತಿಂಗಳ ಹೊತ್ತಿಗೆ ಎಂಐಟಿಯಲ್ಲಿ ಬರವಣಿಗೆ ಕಲಿಸುತ್ತಿದ್ದ ಲೆಸ್ ಪೆರೆಲ್‌ಮನ್ ಅನ್ನೋರು ಕಾಲೇಜ್ ಬೋರ್ಡೇ ಪ್ರಕಟಿಸಿದ್ದ ಮಾದರಿ ಪ್ರಬಂಧಗಳನ್ನ ತಗೊಂಡು, ಪದಗಳನ್ನ ಎಣಿಸೋಕೆ ಶುರು ಮಾಡಿದ್ರು. ಸುಮಾರು 100 ಪದ ಬರೆದೋರಿಗೆ ಒಂದು ಅಂಕ. ಸುಮಾರು 400 ಪದ ಬರೆದೋರಿಗೆ ಆರು. ನಡುವಿನದೆಲ್ಲಾ ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ. ಓದದೇನೇ, ದೂರದಿಂದ ಉದ್ದ ನೋಡಿಯೇ ಅಂಕ ಊಹಿಸಬಹುದು ಅಂತ ಅವರು ಹೇಳಿದ್ದು ದೊಡ್ಡ ಸುದ್ದಿಯಾಯ್ತು. ಅದಕ್ಕಿಂತ ತಮಾಷೆ ಏನಂದ್ರೆ, ಪ್ರಬಂಧದಲ್ಲಿ ಬರೆದ ಸಂಗತಿ ತಪ್ಪಿದ್ರೂ ಅಂಕ ಕಡಿಯಬಾರದು ಅನ್ನೋದು ಮೌಲ್ಯಮಾಪಕರಿಗೆ ಇದ್ದ ನಿಯಮ. ಇಸವಿ ತಪ್ಪಾಗಲಿ, ಯುದ್ಧ ಶುರುವಾದ ಕಾರಣ ತಪ್ಪಾಗಲಿ, ಬರವಣಿಗೆ ಚೆನ್ನಾಗಿ ಹರಿದ್ರೆ ಸಾಕು. 25 ನಿಮಿಷದ ಪರೀಕ್ಷೆಯಲ್ಲಿ ಪುಸ್ತಕ ನೋಡೋಕೆ ಆಗಲ್ವಲ್ಲ, ಅದಕ್ಕೆ ಹಾಗೆ ಅನ್ನೋದು ಅವರ ಸಮಜಾಯಿಷಿ. ಅದರಲ್ಲಿ ಅರ್ಥ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ‘ಎರಡು ಪುಟ ತುಂಬಿಸು, ಏನಾದ್ರೂ ಬರಿ’ ಅನ್ನೋ ಸಲಹೆ ನಮ್ಮ ಪಿಯು ಪರೀಕ್ಷೆ ಬರೆದೋರಿಗೆ ಹೊಸದಲ್ಲ, ಅಲ್ವಾ? ಅಡಿಷನಲ್ ಶೀಟ್ ತಗೊಂಡೋನೇ ಜಾಣ.

ಈ ಪೆರೆಲ್‌ಮನ್ ಅಷ್ಟಕ್ಕೇ ಬಿಡಲಿಲ್ಲ. ಪ್ರಬಂಧಗಳಿಗೆ ಕಂಪ್ಯೂಟರೇ ಅಂಕ ಹಾಕುವ ಕಾಲ ಬಂದಾಗ, 2014ರಲ್ಲಿ, ಕೆಲವು ವಿದ್ಯಾರ್ಥಿಗಳ ಜೊತೆ ಸೇರಿ ‘ಬೇಬಲ್’ ಅನ್ನೋ ಪುಟ್ಟ ತಂತ್ರಾಂಶ ಮಾಡಿದ್ರು. ಒಂದೆರಡು ಪದ ಕೊಟ್ರೆ ಅದು ಕ್ಷಣದಲ್ಲಿ ಇಡೀ ಪ್ರಬಂಧ ಉಗುಳುತ್ತೆ. ದೊಡ್ಡ ದೊಡ್ಡ ಪದ, ಉದ್ದುದ್ದ ವಾಕ್ಯ, ಅರ್ಥ ಮಾತ್ರ ಸೊನ್ನೆ. ಆ ಪ್ರಬಂಧಗಳಿಗೆ ಅಂಕ ಹಾಕುವ ಯಂತ್ರಗಳು ಒಳ್ಳೊಳ್ಳೆ ಅಂಕ ಕೊಟ್ಟವು. ಚಾಟ್‌ಜಿಪಿಟಿ ಬರೋಕೆ ಎಂಟು ವರ್ಷ ಮುಂಚಿನ ಮಾತು ಇದು.

ಈಗ ಕಾಲೇಜುಗಳು ಏನು ಮಾಡಿದ್ವು ನೋಡಿ. ಜಾರ್ಜ್‌ಟೌನ್‌ನಂಥ ಹೆಸರುವಾಸಿ ವಿಶ್ವವಿದ್ಯಾಲಯವೇ, ಪ್ರಬಂಧದ ಭಾಗವನ್ನ ನಾವು ಲೆಕ್ಕಕ್ಕೆ ತಗೊಳ್ಳಲ್ಲ ಅಂತು. ಇನ್ನು ಕೆಲವು ಸ್ವಲ್ಪ ದಿನ ನೋಡೋಣ ಅಂತ ಕಾದವು. ಹಾಗಂತ ಆ ಅಂಕಕ್ಕೆ ಬೆಲೆಯೇ ಇರಲಿಲ್ಲವಾ? ಇಲ್ಲೇ ವಿಷಯ ಸ್ವಲ್ಪ ಜಟಿಲ ಆಗೋದು. 2008ರಲ್ಲಿ ಕಾಲೇಜ್ ಬೋರ್ಡ್ ಒಂದು ಅಧ್ಯಯನ ಪ್ರಕಟಿಸಿತು. 2006ರಲ್ಲಿ ಕಾಲೇಜು ಸೇರಿದ ಮಕ್ಕಳ ಮೊದಲ ವರ್ಷದ ಫಲಿತಾಂಶಕ್ಕೂ ಎಸ್‌ಎಟಿ ಅಂಕಕ್ಕೂ ಎಷ್ಟು ನಂಟು ಅಂತ 110 ಕಾಲೇಜುಗಳಲ್ಲಿ ನೋಡಿದ್ರು. ಓದು, ಗಣಿತ, ಬರವಣಿಗೆ ಈ ಮೂರರಲ್ಲಿ ಅತಿ ಹೆಚ್ಚು ನಂಟು ಇದ್ದದ್ದು ಬರವಣಿಗೆಗೆ. ಲೆಕ್ಕ ಬೇಕು ಅನ್ನೋರಿಗೆ: ಬರವಣಿಗೆ 0.51, ಓದು 0.48, ಗಣಿತ 0.47. ಹೈಸ್ಕೂಲಿನ ಅಂಕಪಟ್ಟಿ 0.54.

ಅಂದ್ರೆ ಕಾಲೇಜುಗಳು ಅನುಮಾನದಿಂದ ನೋಡ್ತಿದ್ದ ಭಾಗವೇ ಮೂರರಲ್ಲಿ ಚೆನ್ನಾಗಿ ಭವಿಷ್ಯ ಹೇಳ್ತಿತ್ತು! ಆದ್ರೆ ಇನ್ನೊಂದು ಸಂಗತಿ ಗಮನಿಸಿ. ಆ ಅಂಕದ ಶಕ್ತಿ ಬಹುಪಾಲು ಬರ್ತಿದ್ದದ್ದು ಬಹು ಆಯ್ಕೆ ಪ್ರಶ್ನೆಗಳಿಂದ. ಕೈಯಾರೆ ಬರೆದ ಪ್ರಬಂಧದಿಂದ ಅಲ್ಲ. ಒಂದು ಪ್ರಬಂಧ, 25 ನಿಮಿಷ, ಗೊತ್ತಿರೋ ವಿಷಯ ಬಂದ್ರೆ ಅದೃಷ್ಟ. 2011ರ ಮಾರ್ಚಿನಲ್ಲಿ ರಿಯಾಲಿಟಿ ಟಿವಿ ಬಗ್ಗೆ ಬರೆಯಿರಿ ಅಂತ ಒಂದು ವಿಷಯ ಕೊಟ್ಟು, ಟಿವಿಯೇ ನೋಡದ ಓದುಬಾಕ ಮಕ್ಕಳೆಲ್ಲಾ ತಲೆ ಮೇಲೆ ಕೈಹೊತ್ತು ಕೂತಿದ್ರು. ದೊಡ್ಡ ಗಲಾಟೆಯೇ ಆಯ್ತು.

2014ರಲ್ಲಿ ಕಾಲೇಜ್ ಬೋರ್ಡ್ ಹಿಂದೆ ಸರಿಯಿತು. 2016ರ ಮಾರ್ಚಿನಿಂದ ಎಸ್‌ಎಟಿ ಮತ್ತೆ 1600ಕ್ಕೆ ಬಂತು, ಪ್ರಬಂಧ ಬೇಕಾದೋರಿಗೆ ಮಾತ್ರ. ಹೊಸ ಪ್ರಬಂಧ ನಿಜಕ್ಕೂ ಹಳೆಯದಕ್ಕಿಂತ ಚೆನ್ನಾಗಿತ್ತು ಅನ್ನೋದು ನನ್ನ ಅಭಿಪ್ರಾಯ. 50 ನಿಮಿಷ, ಒಂದು ಲೇಖನ ಕೊಟ್ಟು ಲೇಖಕ ತನ್ನ ವಾದವನ್ನ ಹೇಗೆ ಕಟ್ಟಿದ್ದಾನೆ ಬಿಡಿಸಿ ಹೇಳು ಅಂತ ಕೇಳ್ತಿದ್ರು. ಆದ್ರೆ ಅಷ್ಟು ಹೊತ್ತಿಗೆ ಕಾಲೇಜುಗಳ ಆಸಕ್ತಿ ಆರಿಹೋಗಿತ್ತು. 2018ರಲ್ಲಿ ಹಾರ್ವರ್ಡ್, ಯೇಲ್, ಸ್ಟ್ಯಾನ್‌ಫರ್ಡ್, ಪ್ರಿನ್ಸ್‌ಟನ್, ಬ್ರೌನ್ ಒಂದರ ಹಿಂದೆ ಒಂದು ‘ಪ್ರಬಂಧದ ಅಂಕ ಬೇಡ’ ಅಂದವು. ಅವು ಕೊಟ್ಟ ಕಾರಣ ನನಗೆ ಇಷ್ಟ ಆಯ್ತು. ಅಮೆರಿಕದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಎಸ್‌ಎಟಿಯನ್ನ ಶಾಲೆಯಲ್ಲೇ, ವಾರದ ದಿನವೇ, ಪುಕ್ಕಟೆ ಬರೆಸ್ತಾರೆ. ಅದರಲ್ಲಿ ಹಲವು ಕಡೆ ಪ್ರಬಂಧ ಇರ್ತಿರಲಿಲ್ಲ. ಹಾಗಾಗಿ ಪ್ರಬಂಧದ ಅಂಕ ಬೇಕು ಅಂದ್ರೆ ಬಡವರ ಮನೆ ಮಗು ಇನ್ನೊಂದು ಶನಿವಾರ, ಮತ್ತೆ ದುಡ್ಡು ಕಟ್ಟಿ, ಮತ್ತೆ ಬರೀಬೇಕು. ಕೊನೆಗೆ 2021ರ ಜನವರಿಯಲ್ಲಿ ಕಾಲೇಜ್ ಬೋರ್ಡೇ ಪ್ರಬಂಧವನ್ನ ನಿಲ್ಲಿಸ್ತೀವಿ ಅಂತ ಘೋಷಿಸಿತು. ಅದೇ ವರ್ಷ ಜೂನ್ ಆದ ಮೇಲೆ, ಕೆಲವು ರಾಜ್ಯಗಳ ಶಾಲೆಗಳೊಳಗಿನ ಪರೀಕ್ಷೆ ಬಿಟ್ಟರೆ, ಅದು ಮುಗಿದ ಅಧ್ಯಾಯ.

ಹಾಗಾದ್ರೆ ಈಗ ನಿಮ್ಮ ಸ್ಕೋರ್ ಕಾರ್ಡಿನಲ್ಲಿ ಕಾಣೋ ‘ರೀಡಿಂಗ್ ಅಂಡ್ ರೈಟಿಂಗ್ 730’ ಏನು? 2023ರ ಮಾರ್ಚಿನಿಂದ ನಮ್ಮಂಥ ಹೊರದೇಶದೋರಿಗೆ ಡಿಜಿಟಲ್ ಎಸ್‌ಎಟಿ ಬಂದಿದೆ. ಈ ವಿಭಾಗದಲ್ಲಿ 54 ಪ್ರಶ್ನೆ, 64 ನಿಮಿಷ, ಎರಡು ಕಂತು. ಮೊದಲ ಕಂತಿನಲ್ಲಿ ನೀವು ಹೇಗೆ ಮಾಡಿದ್ರಿ ಅನ್ನೋದರ ಮೇಲೆ ಎರಡನೇದು ಸುಲಭವೋ ಕಷ್ಟವೋ ಅಂತ ನಿರ್ಧಾರ ಆಗುತ್ತೆ. ಒಂದೊಂದು ಪ್ರಶ್ನೆಗೂ ಒಂದು ಪುಟ್ಟ ಪ್ಯಾರಾ. 54ರಲ್ಲಿ ಅರ್ಧಕ್ಕಿಂತ ಹೆಚ್ಚು ಓದಿ ಅರ್ಥ ಮಾಡ್ಕೊಳ್ಳೋ ಪ್ರಶ್ನೆಗಳು. ಉಳಿದವು ಎರಡು ಬಗೆ: ವಿರಾಮ ಚಿಹ್ನೆ, ಕ್ರಿಯಾಪದದಂಥ ವ್ಯಾಕರಣ ಒಂದು, ‘ಆದರೆ’ ಬರಬೇಕಾ ‘ಹೀಗಾಗಿ’ ಬರಬೇಕಾ ಅನ್ನೋಥರದ ವಾಕ್ಯ ಜೋಡಣೆ ಇನ್ನೊಂದು. ಅಷ್ಟೂ ಪ್ರಶ್ನೆಗಳಿಗೆ ನಾಲ್ಕರಲ್ಲಿ ಒಂದನ್ನ ಒತ್ತಬೇಕು. ಅಂದ್ರೆ ‘ರೈಟಿಂಗ್’ ಅಂತ ಹೆಸರಿರೋ ವಿಭಾಗದಲ್ಲಿ ನೀವು ಒಂದು ಪದವನ್ನೂ ಬರೆಯೋದಿಲ್ಲ. ಬರವಣಿಗೆಗೇ ಅಂತ ಪ್ರತ್ಯೇಕವಾಗಿ 800ಕ್ಕೆ ಇಷ್ಟು ಅನ್ನೋ ಅಂಕವೂ ಈಗ ಇಲ್ಲ. ಓದಿನ ಜೊತೆ ಕಲಸಿ ಒಂದೇ ಅಂಕ.

ಇದನ್ನ ಕಾಲೇಜುಗಳು ಹೇಗೆ ನೋಡ್ತವೆ? ಸಾಮಾನ್ಯವಾಗಿ ಇದು ಮುಚ್ಚಿದ ಬಾಗಿಲ ಹಿಂದಿನ ವಿಷಯ. ಆದ್ರೆ ಹಾರ್ವರ್ಡ್ ವಿರುದ್ಧ ಪ್ರವೇಶದಲ್ಲಿ ಜನಾಂಗದ ಪರಿಗಣನೆ ಬಗ್ಗೆ ಒಂದು ಮೊಕದ್ದಮೆ ನಡೀತಲ್ಲ, 2018ರಲ್ಲಿ ವಿಚಾರಣೆ ಆಗಿ 2023ರ ಜೂನಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು, ಆಗ ಅವರ ಒಳಗಿನ ಕಾಗದಪತ್ರಗಳು ಹೊರಬಿದ್ದವು. ಅರ್ಜಿ ಓದೋರಿಗೆ ಕೊಟ್ಟಿದ್ದ ಸೂಚನೆಗಳಲ್ಲಿ ಓದಿನ ವಿಭಾಗಕ್ಕೆ ಒಂದರಿಂದ ಶುರುವಾಗೋ ಶ್ರೇಣಿ ಇತ್ತು, ಒಂದು ಅಂದ್ರೆ ಅತ್ಯುತ್ತಮ. ಎರಡನೇ ಶ್ರೇಣಿಗೆ ಒಳ್ಳೆ ಅಂಕಪಟ್ಟಿ, ಜೊತೆಗೆ ಎಸ್‌ಎಟಿ ವಿಭಾಗಗಳಲ್ಲಿ ಏಳುನೂರರ ಮಧ್ಯದಿಂದ ಮೇಲೆ. ಮೂರನೇದಕ್ಕೆ ಆರುನೂರರ ಮಧ್ಯದಿಂದ ಏಳುನೂರು ಚಿಲ್ಲರೆವರೆಗೆ. ನೋಡಿ, 750 ಮತ್ತು 780 ಒಂದೇ ಡಬ್ಬಿಯಲ್ಲಿ. ಒಂದನೇ ಶ್ರೇಣಿಗೆ ಹೋಗಬೇಕಾದ್ರೆ ಅಂಕ ಮಾತ್ರ ಸಾಲದು, ಸ್ವಂತ ಪಾಂಡಿತ್ಯದ, ಸೃಜನಶೀಲತೆಯ ಪುರಾವೆ ಬೇಕು. ಅದು ನೂರರಲ್ಲಿ ಒಬ್ಬರಿಗೂ ಸಿಗೋದಿಲ್ಲ. 10 ಅಂಕ, 20 ಅಂಕ ಅಂತ ನಾವು ಇಲ್ಲಿ ನಿದ್ದೆ ಕೆಡಿಸ್ಕೋತೀವಿ. ಅಲ್ಲಿ ಅದು ಒಂದೇ ಡಬ್ಬಿಯೊಳಗಿನ ಅಲುಗಾಟ.

ಇನ್ನೊಂದು ಮಾತು, ಇದನ್ನ ಕಾಲೇಜ್ ಬೋರ್ಡೇ ಹೇಳುತ್ತೆ. ಒಂದು ವಿಭಾಗದ ಅಂಕಕ್ಕೆ ಆಚೀಚೆ ಸುಮಾರು 30ರ ಅಂತರ ಇದೆ ಅಂತ. ನಿಮ್ಮ ಸಾಮರ್ಥ್ಯ ಬದಲಾಗದೇನೇ ಇವತ್ತು 740 ಬಂದದ್ದು ಮುಂದಿನ ತಿಂಗಳು 770 ಬರಬಹುದು, 710 ಕೂಡ ಬರಬಹುದು. ತಕ್ಕಡಿಯೇ ಅಷ್ಟು ತೂಗಾಡ್ತಾ ಇರುವಾಗ ಚಿಟಿಕೆ ಉಪ್ಪಿನ ಲೆಕ್ಕ ಯಾರು ಹಿಡೀತಾರೆ.

ಹಾಗಂತ ಅಂಕ ಬೇಡವೇ ಬೇಡ ಅಂತ ಅಂದ್ಕೋಬೇಡಿ. ಕೋವಿಡ್ ಕಾಲದಲ್ಲಿ ಎಲ್ಲಾ ಕಡೆ ಪರೀಕ್ಷೆ ಐಚ್ಛಿಕ ಆಗಿತ್ತು, ಈಗ ಗಾಳಿ ತಿರುಗಿದೆ. ಎಂಐಟಿ 2022ರಲ್ಲೇ ಪರೀಕ್ಷೆಯನ್ನ ವಾಪಸ್ ತಂತು. 2024ರಲ್ಲಿ ಡಾರ್ಟ್‌ಮತ್, ಯೇಲ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್, ಕಾರ್ನೆಲ್, ಸ್ಟ್ಯಾನ್‌ಫರ್ಡ್ ಎಲ್ಲಾ ಒಂದಲ್ಲಾ ಒಂದು ರೀತಿಯಲ್ಲಿ ಅದೇ ದಾರಿ ಹಿಡಿದವು. ಇನ್ನೊಂದು ತುದಿಯಲ್ಲಿ, ಈ ಕಥೆಗೆ ಬೆಂಕಿ ಹಚ್ಚಿದ ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಈಗ ಅಂಕವನ್ನ ಕಣ್ಣೆತ್ತಿಯೂ ನೋಡೋದಿಲ್ಲ. ನೀವು 1600 ತಂದ್ರೂ ಪ್ರವೇಶದ ತೀರ್ಮಾನಕ್ಕೆ ಅದು ಸೊನ್ನೆ. ಬದಲಿಗೆ ಎಂಟು ಪ್ರಶ್ನೆ ಕೊಟ್ಟು ನಾಲ್ಕಕ್ಕೆ ಉತ್ತರ ಬರೆಯಿರಿ ಅಂತಾರೆ, ಒಂದೊಂದಕ್ಕೆ 350 ಪದದ ಮಿತಿ. ಬೇ ಏರಿಯಾದಲ್ಲಿರೋ ನಮ್ಮ ಕನ್ನಡದ ಮನೆಗಳಲ್ಲಿ ಇದು ಚೆನ್ನಾಗಿ ಗೊತ್ತು. ಅಲ್ಲಿನ ಚಿಕ್ಕಪ್ಪ ‘ಎಸ್‌ಎಟಿ ಎಲ್ಲಾ ದಂಡ ಕಣೋ’ ಅಂತಾರೆ, ಬೆಂಗಳೂರಿನ ಕೌನ್ಸೆಲರ್ ‘ಎಸ್‌ಎಟಿಯೇ ಎಲ್ಲಾ’ ಅಂತಾರೆ. ಇಬ್ಬರೂ ಅವರವರ ಊರಿನ ಮಟ್ಟಿಗೆ ಸರಿ. ನೀವು ಯಾವ ಕಾಲೇಜಿಗೆ ಅರ್ಜಿ ಹಾಕ್ತಿದ್ದೀರಿ ಅನ್ನೋದು ಮುಖ್ಯ.

ಅದನ್ನ ತಿಳ್ಕೊಳ್ಳೋಕೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಕಾಲೇಜಿನ ಹೆಸರಿನ ಮುಂದೆ ‘ಕಾಮನ್ ಡೇಟಾ ಸೆಟ್’ ಅಂತ ಹಾಕಿ ಗೂಗಲ್ ಮಾಡಿ. ಬಹಳಷ್ಟು ಕಾಲೇಜುಗಳು ಪ್ರತಿವರ್ಷ ಈ ದಾಖಲೆ ಹಾಕ್ತವೆ. ಅದರಲ್ಲಿ ‘ಸಿ7’ ಅನ್ನೋ ಪಟ್ಟಿ ನೋಡಿ: ಅಂಕಪಟ್ಟಿ, ಪರೀಕ್ಷೆ, ಪ್ರಬಂಧ, ಶಿಫಾರಸು ಪತ್ರ, ಇವುಗಳ ಮುಂದೆ ‘ಬಹಳ ಮುಖ್ಯ’, ‘ಮುಖ್ಯ’, ‘ಪರಿಗಣಿಸುತ್ತೇವೆ’, ‘ಪರಿಗಣಿಸುವುದಿಲ್ಲ’ ಅಂತ ಟಿಕ್ ಹಾಕಿರ್ತಾರೆ. ಆಮೇಲೆ ‘ಸಿ9’. ಅಲ್ಲಿ ಸೇರಿದ ಮಕ್ಕಳ ಅಂಕಗಳ ಹರವು ಸಿಗುತ್ತೆ. ಹಾರ್ವರ್ಡ್, ಯೇಲ್ ಮಟ್ಟದ ಕಡೆ ರೀಡಿಂಗ್ ಅಂಡ್ ರೈಟಿಂಗ್‌ನಲ್ಲಿ ಕೆಳಗಿನ ಕಾಲು ಭಾಗದ ಗಡಿ 730ರ ಆಸುಪಾಸು, ಮೇಲಿನ ಕಾಲು ಭಾಗದ್ದು 780ರ ಆಸುಪಾಸು ಇರುತ್ತೆ. ಒಂದು ಎಚ್ಚರಿಕೆ: ಪರೀಕ್ಷೆ ಐಚ್ಛಿಕ ಆಗಿದ್ದ ವರ್ಷಗಳಲ್ಲಿ ಒಳ್ಳೆ ಅಂಕ ಬಂದೋರು ಮಾತ್ರ ಕಳಿಸ್ತಿದ್ರು, ಹಾಗಾಗಿ ಆ ವರ್ಷಗಳ ಸಂಖ್ಯೆ ಸ್ವಲ್ಪ ಉಬ್ಬಿರುತ್ತೆ. ಮತ್ತೆ, ಸೇರಿದೋರಲ್ಲಿ ನಾಲ್ಕರಲ್ಲಿ ಒಬ್ಬರು ಆ ಕೆಳಗಿನ ಗಡಿಗಿಂತ ಕೆಳಗಿದ್ದೋರು ಅನ್ನೋದನ್ನ ಮರೀಬೇಡಿ. 780 ತಂದು ಹೊರಗೆ ಉಳಿದೋರ ಸಂಖ್ಯೆ ಅಲ್ಲಿ ಕಾಣೋದಿಲ್ಲ. ಹಾರ್ವರ್ಡ್ ಈಚಿನ ವರ್ಷಗಳಲ್ಲಿ ತಗೊಂಡಿರೋದು ನೂರಕ್ಕೆ ನಾಲ್ಕರ ಆಸುಪಾಸು. ಹೊಸಿಲ ಬಳಿ ಎಷ್ಟು ಜನ ನಿಂತಿರ್ತಾರೆ ಅಂತ ನೀವೇ ಊಹಿಸಿ.

ನಿಮ್ಮ ಅಂಕ ಇನ್ನೂ ಆ ಗಡಿಗಿಂತ ಸಾಕಷ್ಟು ಕೆಳಗಿದ್ರೆ, 640, 660, ಹೀಗೆ, ಆಗ ಮತ್ತೆ ಬರೆಯೋದರಲ್ಲಿ ಅರ್ಥ ಇದೆ. ಮತ್ತು ಬೇಗ ಏರೋದು ವ್ಯಾಕರಣದ ಪ್ರಶ್ನೆಗಳಲ್ಲೇ, ಯಾಕಂದ್ರೆ ಅಲ್ಲಿ ನಿಯಮಗಳು ಬೆರಳೆಣಿಕೆ. ಇಲ್ಲಿ ಕನ್ನಡದ ಕಿವಿ ಇರೋರಿಗೆ ಎರಡು ವಿಷಯ ಹೇಳ್ತೀನಿ, ಇದು ಕೋಚಿಂಗ್ ಪುಸ್ತಕದಲ್ಲಿ ಸಿಗಲ್ಲ.

ಒಂದು ಅಲ್ಪವಿರಾಮ. ‘ಅವನು ಬಂದ, ಊಟ ಮಾಡಿದ, ಹೋದ.’ ಕನ್ನಡದಲ್ಲಿ ಎಷ್ಟು ಸಲೀಸು! ಮೂರು ಪೂರ್ಣ ವಾಕ್ಯಗಳನ್ನ ಬರೀ ಕಾಮಾ ಹಾಕಿ ಪೋಣಿಸ್ತೀವಿ, ಯಾರೂ ತಪ್ಪು ಅನ್ನಲ್ಲ. ಎಸ್‌ಎಟಿ ಇಂಗ್ಲಿಷಿನಲ್ಲಿ ಎರಡು ಪೂರ್ಣ ವಾಕ್ಯಗಳ ನಡುವೆ ಬರೀ ಕಾಮಾ ಹಾಕಿದ್ರೆ ಅದು ತಪ್ಪು ಉತ್ತರ. ಪೂರ್ಣವಿರಾಮ ಬೇಕು, ಇಲ್ಲಾ ಅರ್ಧವಿರಾಮ ಬೇಕು, ಇಲ್ಲಾ ಕಾಮಾ ಜೊತೆಗೆ ಒಂದು ‘ಅಂಡ್’, ‘ಬಟ್’ ಬೇಕು. ನನ್ನ ಕ್ಲಾಸಿನಲ್ಲಿ ಮಕ್ಕಳು ಅತಿ ಹೆಚ್ಚು ಎಡವೋದು ಇಲ್ಲೇ, ಕಾನ್ವೆಂಟಿನಲ್ಲಿ ಓದಿದೋರೂ ಸೇರಿ.

ಇನ್ನೊಂದು ಇನ್ನೂ ಸ್ವಾರಸ್ಯ. ‘ಬಸ್ಸಿಗೆ ಕಾಯ್ತಾ ಕಾಯ್ತಾ ಕತ್ತಲಾಯ್ತು.’ ಇದರಲ್ಲಿ ಕಾದದ್ದು ಯಾರು? ನಾನು. ಆದದ್ದು ಏನು? ಕತ್ತಲು. ಕನ್ನಡಕ್ಕೆ ಇದರಲ್ಲಿ ಏನೂ ಮುಜುಗರ ಇಲ್ಲ. ಕಾದೋನು ಯಾರು ಅಂತ ಕೇಳೋನಿಗೆ ಗೊತ್ತು, ಮುಗೀತು. ಇದೇ ವಾಕ್ಯವನ್ನ ಇಂಗ್ಲಿಷಿಗೆ ಹಾಗೇ ತಿರುಗಿಸಿದ್ರೆ ಎಸ್‌ಎಟಿ ‘ಕತ್ತಲು ಬಸ್ಸಿಗೆ ಕಾಯ್ತಾ ಇತ್ತಾ?’ ಅಂತ ಕೇಳುತ್ತೆ. ವಾಕ್ಯದ ಶುರುವಲ್ಲಿ ಬಂದ ಕೆಲಸವನ್ನ ಮಾಡಿದೋನು ಕಾಮಾ ಆದ ತಕ್ಷಣ ಬರಬೇಕು ಅನ್ನೋದು ಅಲ್ಲಿನ ನಿಯಮ. ಇದೊಂದನ್ನ ಮನೆಭಾಷೆಯ ಉದಾಹರಣೆ ಕೊಟ್ಟು ಹೇಳಿದ್ರೆ ಹತ್ತೇ ನಿಮಿಷಕ್ಕೆ ಅರ್ಥ ಆಗುತ್ತೆ. ನಮ್ಮ ಕನ್ನಡ ತಪ್ಪಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ. ಎರಡು ಭಾಷೆಯ ಸಂಚಾರ ನಿಯಮ ಬೇರೆ ಬೇರೆ, ಅಷ್ಟೇ.

ಈಗ ಅಂಕ ಆ ಗಡಿಯೊಳಗೆ ಬಂದೋರ ಮಾತು. ಹೋದ ವರ್ಷ ನನ್ನ ಹತ್ತಿರ ಮೈಸೂರಿನ ಒಂದು ಹುಡುಗಿ ಬಂದಿದ್ದಳು. ಜೂನಿನಲ್ಲೇ 740 ಇತ್ತು. ಅವಳ ಮನೆಯವರು ಸೇರಿಸಿದ್ದ ಒಂದು ಕೌನ್ಸೆಲಿಂಗ್ ಸಂಸ್ಥೆ ಇನ್ನೂ ಎರಡು ಸಲ ಬರೆಸಿತು, ಆಗಸ್ಟ್ ಒಂದು, ಅಕ್ಟೋಬರ್ ಒಂದು. ಪ್ರತಿ ಸಲಕ್ಕೂ ಪರೀಕ್ಷೆಯ ಶುಲ್ಕವೇ 100 ಡಾಲರ್‌ಗಿಂತ ಹೆಚ್ಚು, ಕೋಚಿಂಗ್ ಬೇರೆ, ಬೆಂಗಳೂರಿಗೆ ಬಂದುಹೋಗುವ ಖರ್ಚು ಬೇರೆ. ಅಕ್ಟೋಬರಿನಲ್ಲಿ 760 ಬಂತು. ಸಿಹಿ ಹಂಚಿದ್ರು. ಆದ್ರೆ ಆ ನಾಲ್ಕು ತಿಂಗಳಲ್ಲಿ ಅವಳು ಬರೆದದ್ದು? ಒಂದು ಪುಟವೂ ಇಲ್ಲ. ಕಾಲೇಜುಗಳು ಕೇಳುವ ಪ್ರಬಂಧಗಳನ್ನ ಡಿಸೆಂಬರ್ ಕೊನೇ ವಾರದಲ್ಲಿ ಕೂತು ಬರೆದಳು. ಅದರಲ್ಲಿ ಒಂದನ್ನ ಆ ಸಂಸ್ಥೆಯೇ ‘ತಿದ್ದಿ’ ಕೊಟ್ಟಿತ್ತು. ನಾನು ಓದಿದೆ. ಅದರಲ್ಲಿ ಅವಳು ಇರಲೇ ಇಲ್ಲ. ಮಾತಾಡುವಾಗ ದೇವರಾಜ ಮಾರ್ಕೆಟ್ಟಿನಲ್ಲಿ ಅಜ್ಜನ ಜೊತೆ ವೀಳ್ಯದೆಲೆ ಎಣಿಸಿದ್ದನ್ನ ಎಷ್ಟು ಚೆಂದ ಹೇಳ್ತಿದ್ದ ಹುಡುಗಿ, ಕಾಗದದ ಮೇಲೆ ‘ನಾಯಕತ್ವ’, ‘ಜಾಗತಿಕ ದೃಷ್ಟಿಕೋನ’ ಅಂತ ಮಾತಾಡ್ತಿದ್ದಳು. ಒಂದು ಒಳ್ಳೆ ಕಾಲೇಜು ಸಿಕ್ಕಿದೆ, ಓದ್ತಿದ್ದಾಳೆ, ಅದೇನೂ ದುರಂತ ಕಥೆಯಲ್ಲ. ಆದ್ರೆ 20 ಅಂಕಕ್ಕೆ ಕೊಟ್ಟ ಬೆಲೆ ನನಗೆ ಇವತ್ತಿಗೂ ಹೊಟ್ಟೆ ಉರಿಸುತ್ತೆ.

ಯಾಕಂದ್ರೆ ಈಗ ಕಾಲೇಜುಗಳ ತಲೆನೋವೇ ಬೇರೆ. ಮುಂದೆ ಇರೋ ಈ ಪ್ರಬಂಧ ಬರೆದದ್ದು ಯಾರು? ಮಗುವಾ, ಅಮ್ಮನಾ, ಲಕ್ಷಗಟ್ಟಲೆ ತಗೊಂಡ ಕೌನ್ಸೆಲರಾ, ಚಾಟ್‌ಬಾಟಾ? ಡ್ಯೂಕ್ ವಿಶ್ವವಿದ್ಯಾಲಯ 2024ರಲ್ಲಿ, ಅರ್ಜಿಯ ಪ್ರಬಂಧಕ್ಕೆ ಅಂಕ ಹಾಕೋದನ್ನೇ ನಿಲ್ಲಿಸಿದ್ದೀವಿ ಅಂತ ಹೇಳಿತು. ಓದೋದನ್ನ ನಿಲ್ಲಿಸಿಲ್ಲ, ಮಗುವನ್ನ ಅರ್ಥ ಮಾಡ್ಕೊಳ್ಳೋಕೆ ಓದ್ತಾರೆ. ಆದ್ರೆ ಅದು ಆ ಮಗುವಿನ ಬರವಣಿಗೆಯ ಶಕ್ತಿಯ ಅಳತೆ ಅಂತ ಇನ್ನು ಮೇಲೆ ಭಾವಿಸೋದಿಲ್ಲ. ಕೌನ್ಸೆಲರುಗಳು, ಎಐ ಎರಡೂ ಅದಕ್ಕೆ ಕಾರಣ.

ಇಲ್ಲಿ ಒಂದು ವ್ಯಂಗ್ಯ ಇದೆ. ಆ ಹಳೇ ಎಸ್‌ಎಟಿ ಪ್ರಬಂಧ ಇತ್ತಲ್ಲ, 25 ನಿಮಿಷದ್ದು, ಅದರ ಅಂಕವನ್ನ ಯಾರೂ ಗಂಭೀರವಾಗಿ ತಗೊಳ್ಳದಿದ್ರೂ ಒಂದು ಉಪಯೋಗ ಇತ್ತು. ಮಗು ಕೈಯಲ್ಲಿ ಬರೆದ ಆ ಪುಟಗಳ ಸ್ಕ್ಯಾನ್ ಪ್ರತಿಯನ್ನ ಕಾಲೇಜು ತೆರೆದು ನೋಡಬಹುದಾಗಿತ್ತು. ಮನೆಯಿಂದ ಬಂದ ಪ್ರಬಂಧ ಹೊಳೆಯುತ್ತಾ ಇದೆ, ಪರೀಕ್ಷೆಯದ್ದು ಮುಗ್ಗರಿಸುತ್ತಾ ಇದೆ ಅಂದ್ರೆ ಎರಡನ್ನೂ ಪಕ್ಕಪಕ್ಕ ಇಡಬಹುದಿತ್ತು. ಅಂಕ ಬೇಡವಾಗಿತ್ತು, ಹಾಳೆ ಬೇಕಾಗಿತ್ತು. ಎರಡನ್ನೂ ಒಟ್ಟಿಗೆ ಎಸೆದುಬಿಟ್ಟರು. ಮಾರನೇ ವರ್ಷವೇ, 2022ರ ನವೆಂಬರಿನಲ್ಲಿ, ಚಾಟ್‌ಜಿಪಿಟಿ ಬಂತು.

ಈಗ ಆ ಹಾಳೆಯನ್ನ ಬೇರೆ ಬೇರೆ ಬಾಗಿಲಿಂದ ಒಳಗೆ ತರ್ತಿದ್ದಾರೆ. ಪ್ರಿನ್ಸ್‌ಟನ್ 2018ರಲ್ಲಿ ಎಸ್‌ಎಟಿ ಪ್ರಬಂಧ ಬೇಡ ಅಂದಾಗಲೇ, ಬದಲಿಗೆ ಶಾಲೆಯಲ್ಲಿ ಟೀಚರ್ ತಿದ್ದಿ ಅಂಕ ಹಾಕಿದ ಒಂದು ಬರಹ ಕಳಿಸಿ ಅಂತ ಕೇಳೋಕೆ ಶುರು ಮಾಡಿತು. ಆಮ್‌ಹರ್ಸ್ಟ್ ಕಾಲೇಜು ಕೂಡ ಅಂಥ ಬರಹವನ್ನ ಒಂದು ಆಯ್ಕೆಯಾಗಿ ತಗೊಳ್ಳುತ್ತೆ. ನಮ್ಮ ಮಕ್ಕಳು ಇಂಗ್ಲಿಷ್ ಪರೀಕ್ಷೆ ಅಂತ ಬರೆಯೋ ಡ್ಯುಲಿಂಗೊ ಟೆಸ್ಟ್‌ನಲ್ಲಿ, ಸ್ಥಳದಲ್ಲೇ ಬರೆದ ಒಂದು ತುಣುಕು ಅಂಕದ ಜೊತೆ ನೇರವಾಗಿ ಕಾಲೇಜಿಗೆ ಹೋಗುತ್ತೆ. ಬಹಳ ಜನ ಅದನ್ನ ಗಮನಿಸೋದೇ ಇಲ್ಲ! ಅಂಕ ಬಂತಾ, ಮುಗೀತು ಅಂದ್ಕೋತಾರೆ. ಆಚೆ ಕಡೆ ಕೂತೋರು ಆ ತುಣುಕನ್ನ ನಿಮ್ಮ ಅರ್ಜಿಯ ಪ್ರಬಂಧದ ಪಕ್ಕ ಇಟ್ಟು ಓದಬಹುದು. ಕಾನೂನು ಓದೋರ ಎಲ್‌ಸ್ಯಾಟ್ ಪರೀಕ್ಷೆಯಲ್ಲಂತೂ ಇದು ಬಹಳ ವರ್ಷಗಳಿಂದ ಹೀಗೇ ಇದೆ. ಅಲ್ಲಿ ಬರವಣಿಗೆಗೆ ಅಂಕವೇ ಇಲ್ಲ. ಬರೆದದ್ದನ್ನ ಹಾಗೇ ಕಾಲೇಜಿಗೆ ಕಳಿಸ್ತಾರೆ, ಓದೋರು ಓದಿಕೊಳ್ಳಲಿ ಅಂತ. ನನಗೆ ಕೇಳಿದ್ರೆ ಎಸ್‌ಎಟಿಯೂ 2021ರಲ್ಲಿ ಹೀಗೆ ಮಾಡಬಹುದಿತ್ತು: ಅಂಕ ತೆಗೆದು ಹಾಳೆ ಉಳಿಸಬಹುದಿತ್ತು.

ನಿಮಗೆ ಈಗ ಕೈಯಲ್ಲಿ ಎಷ್ಟು ತಿಂಗಳಿದೆಯೋ ನೋಡಿಕೊಳ್ಳಿ. ಅಂಕ ಗಡಿಯೊಳಗಿದ್ರೆ ಪರೀಕ್ಷೆಯ ಆ್ಯಪ್ ಮುಚ್ಚಿಡಿ. ವಾರಕ್ಕೆ ಎರಡು ಸಲ, ಅರ್ಧ ಗಂಟೆ, ಪೆನ್ನು ಹಿಡಿದು ಬರೆಯಿರಿ, ಫೋನು ಬೇರೆ ಕೋಣೆಯಲ್ಲಿ ಇರಲಿ. ಮೊದಲು ಕನ್ನಡದಲ್ಲಿ ಹೊಳೆದ್ರೆ ಕನ್ನಡದಲ್ಲೇ ಬರೆಯಿರಿ, ಆಮೇಲೆ ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಿರಿ, ಅನುವಾದ ಬೇಡ. ನನ್ನ ಕ್ಲಾಸಿನಲ್ಲಿ ಹೀಗೆ ಮಾಡಿದ ಮಕ್ಕಳ ಬರಹದಲ್ಲಿ ಮನುಷ್ಯರು ಬರ್ತಾರೆ, ಊರು ಬರುತ್ತೆ, ವಾಸನೆ ಕೂಡ ಬರುತ್ತೆ.

ಇನ್ನೊಂದು ಕೆಲಸ ಇವತ್ತೇ ಶುರು ಮಾಡಬಹುದು, ನಮ್ಮ ವ್ಯವಸ್ಥೆಯಲ್ಲಿ ಇದು ಸ್ವಲ್ಪ ತೊಡಕಿನದು. ಬೋರ್ಡ್ ಪರೀಕ್ಷೆಯ ಉತ್ತರ ಪತ್ರಿಕೆ ನಮ್ಮ ಕೈಗೆ ತಾನಾಗಿ ವಾಪಸ್ ಬರೋದಿಲ್ಲ. ದ್ವಿತೀಯ ಪಿಯುದಲ್ಲಿ ಅರ್ಜಿ ಹಾಕಿ ಶುಲ್ಕ ಕಟ್ಟಿದ್ರೆ ಸ್ಕ್ಯಾನ್ ಪ್ರತಿ ಸಿಗುತ್ತೆ, ಆದ್ರೆ ಅಷ್ಟು ಹೊತ್ತಿಗೆ ಅಮೆರಿಕದ ಅರ್ಜಿಯ ಗಡುವು ದಾಟಿರುತ್ತೆ. ಹಾಗಾಗಿ ಕಾಲೇಜಿನೊಳಗಿನ ಟೆಸ್ಟು, ಅಸೈನ್‌ಮೆಂಟು, ಇಂಗ್ಲಿಷಿನದ್ದಾಗಲಿ ಇತಿಹಾಸದ್ದಾಗಲಿ, ಲೆಕ್ಚರರ್ ಕೆಂಪು ಇಂಕಿನಲ್ಲಿ ತಿದ್ದಿ ಅಂಕ ಹಾಕಿ ಕೊಟ್ಟ ಎರಡು ಮೂರು ಹಾಳೆಗಳನ್ನ ಎತ್ತಿಡಿ. ಒಂದೆರಡು ಸಾಲು ಅಭಿಪ್ರಾಯ ಬರೆದುಕೊಡಿ ಸರ್, ಮೇಡಂ ಅಂತ ಕೇಳಿ, ಹೆಚ್ಚಿನೋರು ಸಂತೋಷವಾಗಿ ಬರೀತಾರೆ. ರದ್ದಿಗೆ ಹಾಕಬೇಡಿ, ಅಮ್ಮನಿಗೂ ಹೇಳಿಡಿ. ಕೆಂಪು ಇಂಕು ಮಾಸುವ ಮೊದಲು ಫೋನಿನಲ್ಲಿ ಒಂದು ಚೆನ್ನಾಗಿರೋ ಸ್ಕ್ಯಾನ್ ತೆಗೆದು ಡ್ರೈವ್‌ಗೆ ಹಾಕಿ.

ಮುಂದಿನ ಸಂಚಿಕೆಯಲ್ಲಿ ಶಿಫಾರಸು ಪತ್ರಗಳ ಬಗ್ಗೆ. ಲೆಕ್ಚರರ್ ‘ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ’ ಅಂದ್ರೆ ಏನು ಮಾಡಬೇಕು ಅಂತ ಬಹಳ ಜನ ಕೇಳಿದ್ದೀರಿ. ಸಿಗೋಣ.